ಹನ್ನೆರಡರ ಮಗ್ಗಿ ಮತ್ತು ಡಾಕ್ಟರ್ ಡೂಮ್

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಚಿಕ್ಕ ಕಾಫಿ ತೋಟ. ಮಗ ಎಂಟನೇ ಕ್ಲಾಸು. ಕಾಮಿಕ್ಸ್ ಅಂದರೆ ಜೀವ ಬಿಡುತ್ತಾನೆ, ಅದರಲ್ಲೂ ಮಾರ್ವೆಲ್‌ನ ಖಳ ಡಾಕ್ಟರ್ ಡೂಮ್ ಮೇಲೆ ವಿಪರೀತ ಪ್ರೀತಿ. ಅವನ ಸೋದರಮಾವ ಕೊಟ್ಟಿದ್ದ ಆರು ಇಂಚಿನ ಹಳೆಯ ಸೂಪರ್‌ಹೀರೊ ಗೊಂಬೆಯನ್ನೇ ಡೂಮ್ ಮಾಡುತ್ತೇನೆ ಅಂತ ರಜೆಯ ಕೊನೆಯಲ್ಲಿ ಕೂತ. ಎಂ-ಸೀಲ್‌ನಲ್ಲಿ ಕವಚ, ಮುಖವಾಡ ಮಾಡಿದ. ಹಾರ್ಡ್‌ವೇರ್ ಅಂಗಡಿಯ ಸಿಲ್ವರ್, ಹಸಿರು ಎನಾಮಲ್ ಬಳಿದ. ನನ್ನ ರವಿಕೆಗೆಂದು ಇಟ್ಟಿದ್ದ ಸ್ಯಾಟಿನ್ ಬಟ್ಟೆಯಲ್ಲಿ ಮೇಲಂಗಿ ಕತ್ತರಿಸಿದ. ಒಂದೂವರೆ ತಿಂಗಳಾಯಿತು, ಬಣ್ಣ ಇನ್ನೂ ಅಂಟಂಟು. ಮೊಣಕೈ, ಮಂಡಿ ಮಡಚುವುದಿಲ್ಲ. ಮೇಲಂಗಿ ಕೊಡೆಯ ಹಾಗೆ ಬಿಚ್ಚಿಕೊಂಡು ನಿಲ್ಲುತ್ತದೆ, ಗೊಂಬೆ ಹಿಂದಕ್ಕೆ ಬೀಳುತ್ತದೆ. "ಇದು ಡೂಮ್ ಅಲ್ಲಮ್ಮ, ತಲೆಗೆ ಡಬ್ಬ ಹಾಕ್ಕೊಂಡಿರೋ ಯಾರೋ" ಅಂತ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿಟ್ಟಿದ್ದಾನೆ. ಫೋಟೊ ಕಳಿಸಿದ್ದೇನೆ. ಇದನ್ನು ಸರಿಮಾಡಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಫೋಟೊವನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಮುಖವಾಡದ ಅಂಚಿನಲ್ಲಿ ಮೊಳೆ ತಲೆಗಳನ್ನು ಅವನು ರೀಫಿಲ್ಲಿನ ತುದಿಯಿಂದ ಒತ್ತಿ ಮೂಡಿಸಿದ್ದಾನೆ, ಎಡಕ್ಕೂ ಬಲಕ್ಕೂ ಎಣಿಕೆ ಸರಿಯಾಗಿದೆ. ಹದಿಮೂರು ವರ್ಷದ ಹುಡುಗ ಅಷ್ಟು ತಾಳ್ಮೆಯಿಂದ ಎಣಿಸಿ ಒತ್ತಿದ್ದಾನೆ ಅಂದರೆ ಅವನಿಗೆ ಈ ಕೆಲಸ ಕೈಹತ್ತುತ್ತದೆ. ಎಡವಿರುವುದು ಸಾಮಗ್ರಿಯಲ್ಲಿ ಮತ್ತು ಲೆಕ್ಕದಲ್ಲಿ. ಎರಡನ್ನೂ ತಿದ್ದಬಹುದು.

ಅಂಟಿನ ವಿಷಯ ಮೊದಲು, ಯಾಕೆಂದರೆ ಅದು ಬಗೆಹರಿಯದೆ ಬೇರೆ ಯಾವುದಕ್ಕೂ ಕೈಹಾಕುವಂತಿಲ್ಲ. ನಿಮ್ಮ ಫೋಟೊದಲ್ಲೇ ಉತ್ತರ ಇದೆ. ಎಂ-ಸೀಲ್ ಮೆತ್ತಿದ ಎದೆಯ ಮೇಲೆ ಸಿಲ್ವರ್ ಬಣ್ಣ ಒಣಗಿ ಹೊಳೆಯುತ್ತಿದೆ. ತೊಡೆ, ಮುಂಗೈ, ಅಂದರೆ ಗೊಂಬೆಯ ಪ್ಲಾಸ್ಟಿಕ್ಕಿಗೆ ನೇರವಾಗಿ ಬಳಿದ ಕಡೆ ಮಾತ್ರ ಬೆರಳಚ್ಚು ಕಾಣುತ್ತಿವೆ. ಅದೇ ಡಬ್ಬಿ, ಅದೇ ಕುಂಚ, ಅದೇ ದಿನ. ವ್ಯತ್ಯಾಸ ಇರುವುದು ಕೆಳಗಿನ ಪ್ಲಾಸ್ಟಿಕ್ಕಿನಲ್ಲಿ.

ಇಂಥ ಗೊಂಬೆಗಳ ತಲೆ, ಕೈಕಾಲುಗಳನ್ನು ಹೆಚ್ಚಾಗಿ ಪಿವಿಸಿಯಲ್ಲಿ ಎರಕ ಹೊಯ್ದಿರುತ್ತಾರೆ. ಪಿವಿಸಿ ತನ್ನಷ್ಟಕ್ಕೆ ಗಟ್ಟಿ ವಸ್ತು. ನಿಮ್ಮ ತೋಟದ ನೀರಿನ ಪೈಪೂ ಅದೇ. ಗೊಂಬೆಗೆ ಬೇಕಾದ ಬಳುಕು ಬರಲೆಂದು ಅದಕ್ಕೆ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ಅದು ಒಳಗೇ ಕೂತಿರುವುದಿಲ್ಲ, ನಿಧಾನವಾಗಿ ಮೇಲಕ್ಕೆ ಜಿನುಗುತ್ತದೆ. ಎನಾಮಲ್ಲಿನ ಪದರ ಆ ಜಿನುಗನ್ನು ಹೀರಿಕೊಂಡು ಗಟ್ಟಿಯಾಗದೆ ಉಳಿಯುತ್ತದೆ. ಇನ್ನೊಂದು ವರ್ಷ ಕಾದರೂ ಹೀಗೇ ಇರುತ್ತದೆ. ನನ್ನ ಮೊದಲ ಗೊಂಬೆಗೂ ಇದೇ ಗತಿಯಾಗಿತ್ತು. ಹಾಸನದ ನಮ್ಮ ಮನೆ ತಾರಸಿಯಲ್ಲಿ ಮೇ ತಿಂಗಳ ಬಿಸಿಲಿಗೆ ಹದಿನೈದು ದಿನ ಒಣಗಲು ಇಟ್ಟೆ. ಸಂಜೆ ಮುಟ್ಟಿದರೆ ಬೆಲ್ಲದ ಪಾಕ ಮುಟ್ಟಿದ ಹಾಗೆ. ಶಾಖ ಹೆಚ್ಚಿದಷ್ಟೂ ಜಿನುಗುವುದು ಹೆಚ್ಚುತ್ತದೆ ಎಂದು ಆಗ ನನಗೆ ಹೇಳುವವರು ಇರಲಿಲ್ಲ. ಆ ಗೊಂಬೆ ಉಳಿಯಲಿಲ್ಲ. ನಿಮ್ಮದು ಉಳಿಯುತ್ತದೆ.

ಬಣ್ಣ ತೆಗೆಯುವ ಕೆಲಸ ದೊಡ್ಡವರದ್ದು, ನೀವೇ ಮಾಡಿ. ಕಿಟಕಿ ತೆರೆದಿರಲಿ, ಒಲೆ ಆರಿರಲಿ, ಕೈಗೆ ಗ್ಲೌಸ್ ಇರಲಿ. ಹತ್ತಿ ಸುತ್ತಿದ ಕಡ್ಡಿಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ, ಹಿಂಡಿ, ಮೊದಲು ಗೊಂಬೆಯ ಅಂಗಾಲಿಗೆ ಉಜ್ಜಿ ನೋಡಿ. ಪ್ಲಾಸ್ಟಿಕ್ ಮೆತ್ತಗಾಗದಿದ್ದರೆ ಒಂದೊಂದೇ ಅಂಗುಲ ಒರೆಸುತ್ತ ಬನ್ನಿ. ನೆನೆಹಾಕಬೇಡಿ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್, ಗಾಡಿಗೆ ಬಣ್ಣ ಹೊಡೆಯುವವರ ಥಿನ್ನರ್ ಎರಡೂ ಹತ್ತಿರ ಸುಳಿಯಬಾರದು. ಗೊಂಬೆಯ ಗಟ್ಟಿ ಭಾಗಗಳು ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್, ಅಸಿಟೋನ್ ತಾಗಿದರೆ ಕರಗುತ್ತದೆ. ಎಲ್ಲ ಮುಗಿದ ಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೆಯ ಟೂತ್‌ಬ್ರಷ್ಷಿನಿಂದ ತಿಕ್ಕಿ ತೊಳೆದು ಒಂದು ದಿನ ಆರಲು ಬಿಡಿ. ಎದೆಕವಚದ ಮೇಲೆ ಒಣಗಿರುವ ಬಣ್ಣವನ್ನು ಹಾಗೇ ಬಿಡಬಹುದು.

ಇನ್ನು ಮುಂದೆ ನೀರಿನ ಅಕ್ರಿಲಿಕ್ ಬಣ್ಣ ಮಾತ್ರ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಫೆವಿಕ್ರಿಲ್ ಸೀಸೆಗಳು ಸಾಕು. 600 ನಂಬರಿನ ವಾಟರ್ ಪೇಪರ್, ಅಂದರೆ ನಯವಾದ ಉಜ್ಜುಕಾಗದವನ್ನು ನೀರಲ್ಲಿ ನೆನೆಸಿ ಪ್ಲಾಸ್ಟಿಕ್ಕಿನ ಮೈಯನ್ನು ಮೃದುವಾಗಿ ಉಜ್ಜಿದರೆ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಒದ್ದೆಯಾಗಿಯೇ ಉಜ್ಜಬೇಕು, ಒಣ ಪುಡಿ ಮೂಗಿಗೆ ಹೋಗಬಾರದು. ಬಣ್ಣ ಹಾಲಿನಷ್ಟು ತೆಳ್ಳಗಿರಲಿ, ನಾಲ್ಕೈದು ಪದರ ಬರಲಿ. ಮೊದಲ ಪದರ ಕಲೆಕಲೆಯಾಗಿ ಅಸಹ್ಯವಾಗಿ ಕಾಣುತ್ತದೆ. ಅಲ್ಲಿ ಹೆದರಿ ದಪ್ಪಗೆ ಬಳಿಯುವವರೇ ಹೆಚ್ಚು. ಮಗನಿಗೆ ಮೊದಲೇ ಹೇಳಿಡಿ. ಕಣದಲ್ಲಿ ಕಾಫಿ ಒಣಗಿಸಿದ ಮನೆಯವರಿಗೆ ಗಾಳಿಯ ತೇವದ ಬಗ್ಗೆ ನಾನು ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನ ಬಿಡಿ. ಸ್ಪ್ರೇ ವಾರ್ನಿಷ್ ಅಂತೂ ಮಳೆ ನಿಲ್ಲುವವರೆಗೆ ಮುಟ್ಟಬೇಡಿ. ಸ್ಪ್ರೇ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಂಶವನ್ನು ಎಳೆದುಕೊಳ್ಳುತ್ತದೆ, ಗೊಂಬೆಯ ಮೇಲೆಲ್ಲ ಬೂದಿ ಬಳಿದಂತೆ ಬಿಳಿ ಮಬ್ಬು ಕೂರುತ್ತದೆ. ಕುಂಚದಲ್ಲಿ ಹಚ್ಚುವ ಮ್ಯಾಟ್ ವಾರ್ನಿಷ್ ಇದ್ದರೆ ಆ ತೊಂದರೆ ಇಲ್ಲ.

ಈಗ ಲೆಕ್ಕ. ಮಗನಿಗೆ ಹನ್ನೆರಡರ ಮಗ್ಗಿ ಬರುತ್ತದೆ ತಾನೆ? ಈ ಕಸುಬಿನಲ್ಲಿ ನನ್ನ ಕೈಯಲ್ಲಿ ಚಾಕುವಿಗಿಂತ ಹೆಚ್ಚು ಆಡುವುದು ಅದೇ. ಆರು ಇಂಚಿನ ಗೊಂಬೆ ಅಂದರೆ ನಿಜ ಮನುಷ್ಯನ ಹನ್ನೆರಡರಲ್ಲಿ ಒಂದು ಪಾಲು. ಹಾಗಾಗಿ ಗೊಂಬೆಯ ಮೇಲೆ ಏನೇ ಇಟ್ಟರೂ ಅದನ್ನು 12ರಿಂದ ಗುಣಿಸಿ ನೋಡಬೇಕು. ನಿಮ್ಮ ಮಗ ಮೆತ್ತಿದ ಎಂ-ಸೀಲ್ ಪದರ ನನ್ನ ಅಂದಾಜಿಗೆ 3 ಮಿಲಿಮೀಟರ್ ಇದೆ. ಗುಣಿಸಿದರೆ 36 ಮಿಲಿಮೀಟರ್. ಹೆಚ್ಚುಕಡಿಮೆ ಒಂದೂವರೆ ಇಂಚು ದಪ್ಪದ ಕಬ್ಬಿಣ ಹೊತ್ತವನು ಹೆಜ್ಜೆ ಎತ್ತಲಾರ. ನೋಡುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಆದರೆ ಕಣ್ಣಿಗೆ ಗೊತ್ತಾಗುತ್ತದೆ. "ತಲೆಗೆ ಡಬ್ಬ ಹಾಕ್ಕೊಂಡಿರೋ ಯಾರೋ" ಅಂತ ಮಗ ಅಂದದ್ದು ಅದಕ್ಕೇ. ಅವನ ಕಣ್ಣು ಸರಿಯಾಗಿಯೇ ನೋಡಿದೆ.

ಎತ್ತರಕ್ಕೂ ಇದೇ ಮಗ್ಗಿ. ಕಾಮಿಕ್ಸ್ ಲೆಕ್ಕದಲ್ಲಿ ಡೂಮ್‌ನ ಎತ್ತರ 6 ಅಡಿ 2 ಇಂಚು, ಕವಚ ತೊಟ್ಟಾಗ 6 ಅಡಿ 7 ಇಂಚು. ಅಂದರೆ 188 ಸೆಂಟಿಮೀಟರಿನ ಮನುಷ್ಯ 200 ಚಿಲ್ಲರೆ ಆಗುತ್ತಾನೆ. ಹನ್ನೆರಡರಿಂದ ಭಾಗಿಸಿ: 15.7 ಮತ್ತು 16.7. ಇತರ ಗೊಂಬೆಗಳ ಪಕ್ಕದಲ್ಲಿ ನಿಂತಾಗ ಅವನು ಬರೋಬ್ಬರಿ ಒಂದು ಸೆಂಟಿಮೀಟರ್ ಮೇಲಿರಬೇಕು. ಕೇಳಲು ಏನೂ ಅಲ್ಲ. ಆದರೆ ಶೆಲ್ಫಿನ ಮೇಲೆ ಆ ಒಂದು ಸೆಂಟಿಮೀಟರಿಗೆ ಇಡೀ ಸಾಲು ತಲೆಬಾಗಿದಂತೆ ಕಾಣುತ್ತದೆ. ಬೂಟಿನ ಅಡಿಗೆ 4 ಮಿಲಿಮೀಟರ್ ಸೇರಿಸಿ, ಶಿರಸ್ತ್ರಾಣದ ನೆತ್ತಿ ಮತ್ತು ಮೇಲಂಗಿಯ ಮುಸುಕಿನಲ್ಲಿ 2 ಮಿಲಿಮೀಟರ್ ಬರುತ್ತದೆ, ಉಳಿದದ್ದನ್ನು ಕತ್ತಿನ ಗುಂಡಿಯ ಕೆಳಗೆ ಒಂದು ಸಣ್ಣ ಬಿಲ್ಲೆ ಕೂರಿಸಿ ತುಂಬಿಸಬಹುದು. ಕಾಲನ್ನು ನಡುವೆ ಕತ್ತರಿಸಿ ಉದ್ದ ಮಾಡುವ ಸಾಹಸ ಈಗ ಬೇಡ.

ಬಿಗಿದುಕೊಂಡ ಕೀಲುಗಳಿಗೆ ಬರೋಣ. ಬಲವಂತವಾಗಿ ಮಡಚಬೇಡಿ. ಮೊಣಕೈ, ಮಂಡಿಗಳಲ್ಲಿ ಅಡ್ಡಕ್ಕೆ ಒಂದು ಸಣ್ಣ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ, ತಣ್ಣಗಿರುವಾಗ ಒತ್ತಿದರೆ ಅದು ಲಟಕ್ಕನೆ ಮುರಿಯುತ್ತದೆ. ನೀರು ಕುದಿಸಿ ಇಳಿಸಿ, ಒಂದೆರಡು ನಿಮಿಷ ಬಿಟ್ಟು ಕೈಯ ಭಾಗವನ್ನು ಅದರಲ್ಲಿ ಮುಳುಗಿಸಿ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲಿರುವ ನಮ್ಮ ಮಲೆನಾಡಿನ ಊರುಗಳಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ, ಈ ಕೆಲಸಕ್ಕೆ 80 ಡಿಗ್ರಿಯೇ ಧಾರಾಳ. ಒಂದು ನಿಮಿಷದಲ್ಲಿ ಪಿವಿಸಿ ಮೆತ್ತಗಾಗಿ ಎಂ-ಸೀಲಿನ ಹಿಡಿತ ಸಡಿಲವಾಗುತ್ತದೆ. ಬಟ್ಟೆಯಲ್ಲಿ ಹಿಡಿದು ಹೊರತೆಗೆದು, ಕೀಲಿನ ಸಂದಿಯಲ್ಲಿ ತುಂಬಿಕೊಂಡ ಎಂ-ಸೀಲನ್ನು ಚೂಪು ಚಾಕುವಿನಿಂದ ಚೂರುಚೂರಾಗಿ ಎಬ್ಬಿಸಿ. ಆರಿದರೆ ಮತ್ತೆ ಅದ್ದಿ. ಒಂದು ಮೊಣಕೈಗೆ ಅರ್ಧ ಗಂಟೆ ಹಿಡಿದರೆ ಗಾಬರಿ ಬೇಡ. ಇದೇ ಬಿಸಿನೀರಿನ ಉಪಾಯದಲ್ಲಿ ತಲೆಯನ್ನೂ ಕತ್ತಿನಿಂದ ಕಳಚಬಹುದು, ಮತ್ತೆ ಕೂರಿಸುವಾಗಲೂ ಬಿಸಿ ಮಾಡಿಯೇ ಕೂರಿಸಬೇಕು.

ಕೀಲಿನ ಬೆಲೆ ನನಗೆ ಗೊತ್ತಾದದ್ದು ಫನ್‌ಸ್ಕೂಲ್‌ನವರು ಇಲ್ಲಿ ಮಾರುತ್ತಿದ್ದ ಜಿ.ಐ. ಜೋ ಗೊಂಬೆಗಳಿಂದ. 3.75 ಇಂಚಿನ ಆ ಸಿಪಾಯಿಗಳ ಎದೆಯನ್ನೂ ಕಾಲುಗಳನ್ನೂ ಹಿಡಿದಿಡುತ್ತಿದ್ದದ್ದು ಹೊಟ್ಟೆಯೊಳಗಿನ ಒಂದು ಕರಿ ರಬ್ಬರ್ ಉಂಗುರ. ಕೆಲವು ವರ್ಷಕ್ಕೆ ಅದು ಕೊಳೆತು ಒಂದು ದಿನ ಗೊಂಬೆ ಸೊಂಟದಲ್ಲಿ ಎರಡಾಗುತ್ತಿತ್ತು. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಅಳತೆಗೆ ಸರಿಯಾದ ಓ-ರಿಂಗ್ ಹುಡುಕಿ ಹಾಕಿದೆ, ಸಿಪಾಯಿ ಎದ್ದು ನಿಂತ. ಗೊಂಬೆಯ ಜೀವ ಇರುವುದು ಬಣ್ಣದಲ್ಲಿ ಅಂದುಕೊಂಡಿದ್ದ ನನಗೆ ಅದು ಸಂದಿಯಲ್ಲಿದೆ ಎಂದು ಅವತ್ತು ಅರಿವಾಯಿತು.

ಆದ್ದರಿಂದ ಕವಚವನ್ನು ಹೊಸದಾಗಿ ಮಾಡುವಾಗ ಇಡೀ ತೋಳಿಗೆ ಸುತ್ತಬೇಡಿ. ನಿಜವಾದ ಕಬ್ಬಿಣದ ಕವಚ ತೊಟ್ಟ ಯೋಧನೂ ಮೊಣಕೈ ಮಡಚಲೇಬೇಕಿತ್ತು, ಅದಕ್ಕೇ ಕಮ್ಮಾರರು ಅದನ್ನು ತುಂಡು ತುಂಡು ತಗಡುಗಳಲ್ಲಿ ಮಾಡುತ್ತಿದ್ದರು. ನೀವೂ ಹಾಗೇ ಮಾಡಿ: ರಟ್ಟೆಗೊಂದು ತಗಡು, ಮುಂಗೈಗೊಂದು, ಕೀಲಿನ ಎರಡೂ ಕಡೆ 2 ಮಿಲಿಮೀಟರ್ ಬಿಡುವು. ದಪ್ಪ ಅರ್ಧ ಮಿಲಿಮೀಟರ್ ಮೀರಬಾರದು. ಎಂ-ಸೀಲ್ ಬೇಗ ಬಿಗಿಯುತ್ತದೆ, ಸ್ವಲ್ಪ ತರಿತರಿ ಕೂಡ. ಬೂಟಿನ ಅಡಿಯಂಥ ಒರಟು ಜಾಗಕ್ಕೆ ಅದು ಸರಿ. ತಗಡು, ಮುಖವಾಡಗಳಿಗೆ ಕರಕುಶಲ ಸಾಮಾನಿನ ಅಂಗಡಿಯಲ್ಲಿ ಎರಡು ಪೊಟ್ಟಣವಾಗಿ ಸಿಗುವ ಎಪಾಕ್ಸಿ ಕ್ಲೇ ಒಳ್ಳೆಯದು, ಅದು ನಯವಾಗಿದೆ, ಕೈಗೆ ಹೆಚ್ಚು ಸಮಯ ಕೊಡುತ್ತದೆ. ಸಮಸಮ ಬೆರೆಸಿ, ಬಣ್ಣ ಒಂದೇ ಆಗುವ ತನಕ ನಾದಿ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಹಪ್ಪಳದ ಹಾಗೆ ಲಟ್ಟಿಸಿ. ಗ್ಲೌಸ್ ಇಲ್ಲದೆ ಎಪಾಕ್ಸಿ ಮುಟ್ಟಬಾರದು. ಮೊದಮೊದಲು ಏನೂ ಆಗುವುದಿಲ್ಲ, ಮುಟ್ಟುತ್ತ ಮುಟ್ಟುತ್ತ ಚರ್ಮಕ್ಕೆ ಅಲರ್ಜಿ ಹಿಡಿಯುತ್ತದೆ, ಹಿಡಿದ ಮೇಲೆ ಬಿಡುವುದಿಲ್ಲ. ನನ್ನ ಬಲಗೈ ಬೆರಳುಗಳಿಗೆ ಹಾಗೇ ಆಗಿದೆ, ಈಗ ಗ್ಲೌಸ್ ಹಾಕಿದರೂ ಒಂದು ಗಂಟೆಗಿಂತ ಹೆಚ್ಚು ಕೂರುವಂತಿಲ್ಲ.

ಹಪ್ಪಳದಿಂದ ತಗಡು ಕತ್ತರಿಸಿ ತೋಳಿನ ಮೇಲೆ ಕೂರಿಸುವ ಮೊದಲು ಕೀಲಿನ ಸುತ್ತ ಒಂದಿಷ್ಟು ವ್ಯಾಸಲೀನ್ ಸವರಿ. ಅಲ್ಲಿಗೆ ಕ್ಲೇ ಹರಿದರೂ ಕಚ್ಚಿಕೊಳ್ಳುವುದಿಲ್ಲ. ಇನ್ನು ಮುಖ್ಯವಾದ ಗಳಿಗೆ. ಕ್ಲೇ ಚಪಾತಿ ಹಿಟ್ಟಿನ ಹದ ದಾಟಿ ಚಪ್ಪಲಿ ಚರ್ಮದ ಹದಕ್ಕೆ ಬಂದಾಗ, ಉಗುರು ಒತ್ತಿದರೆ ಗುರುತು ಬೀಳಬೇಕು ಆದರೆ ಅಂಟಬಾರದು, ಆಗ ಕೈಯನ್ನು ಪೂರ್ತಿ ಮಡಚಿ, ಪೂರ್ತಿ ಚಾಚಿ. ಎಲ್ಲಿ ತಗಲುತ್ತದೋ ಅಲ್ಲಿ ಕ್ಲೇ ತಾನೇ ಸುಕ್ಕಾಗಿ ತೋರಿಸುತ್ತದೆ. ಆ ಸುಕ್ಕಿನ ಮೇಲೆ ಚಾಕು ಇಟ್ಟು ಕತ್ತರಿಸಿ ತೆಗೆಯಿರಿ. ನಮ್ಮ ಕಡೆಯ ಚಳಿಗೆ ಈ ಹದ ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಗಡಿಯಾರ ನಂಬಬೇಡಿ, ಉಗುರನ್ನು ನಂಬಿ. ಅಂಗಿಯ ಕೆಳಗಿನ ಲಂಗದಂಥ ಭಾಗವನ್ನು ಮಾತ್ರ ಕ್ಲೇಯಲ್ಲಿ ಮಾಡಲೇಬೇಡಿ. ತೊಡೆ ಏಳುವುದಿಲ್ಲ. ಅದು ಬಟ್ಟೆಯಾಗಿರಲಿ.

ಮೊಳೆ ತಲೆಗಳಿಗೆ ಅಡುಗೆಮನೆಯಲ್ಲೇ ಸಾಮಾನಿದೆ. ಸಾಸಿವೆ ಕಾಳು ಸುಮಾರು 2 ಮಿಲಿಮೀಟರ್. ಗುಣಿಸಿದರೆ 24, ಅದು ಸೇತುವೆಗೆ ಹಾಕುವ ಬೋಲ್ಟು. ರಾಗಿಯೂ ದಪ್ಪವೇ. ಗಸಗಸೆ 1 ಮಿಲಿಮೀಟರಿಗೆ ತುಸು ಕಡಿಮೆ, ಅಂದರೆ ಹೆಚ್ಚೆಂದರೆ 12 ಮಿಲಿಮೀಟರಿನ ಮೊಳೆ ತಲೆ, ಕವಚಕ್ಕೆ ಹೇಳಿ ಮಾಡಿಸಿದ್ದು. ಒದ್ದೆ ಮಾಡಿದ ಕಡ್ಡಿಯ ತುದಿಯಲ್ಲಿ ಒಂದೊಂದೇ ಕಾಳು ಎತ್ತಿ ಮೆತ್ತಗಿನ ಕ್ಲೇಯಲ್ಲಿ ಅರ್ಧ ಮುಳುಗುವಂತೆ ಕೂರಿಸಿ. ಗಟ್ಟಿಯಾದ ಮೇಲೆ ತೆಳ್ಳಗೆ ಸೂಪರ್ ಗ್ಲೂ ಹಚ್ಚಿದರೆ ಹುಳು ಹಿಡಿಯುವುದಿಲ್ಲ. ನಿಮ್ಮ ಮಗ ರೀಫಿಲ್ಲಿನಲ್ಲಿ ಎಣಿಸಿ ಒತ್ತಿದ್ದನಲ್ಲ, ಅದೇ ಎಣಿಕೆಯಲ್ಲಿ ಇದನ್ನು ಅವನೇ ಕೂರಿಸಲಿ.

ಮುಖವಾಡವನ್ನು ಮಾತ್ರ ನಾನು ಅವಸರದಲ್ಲಿ ಹೇಳಿ ಮುಗಿಸಲಾರೆ. ಖಳನನ್ನು ಮಾಡುವ ಎಲ್ಲರೂ ಎಡವುವುದು ಅಲ್ಲೇ. 1962ರಲ್ಲಿ ಮೊದಲ ಸಲ ಕಾಣಿಸಿಕೊಂಡ ಡೂಮ್ ಲಾಟ್ವೇರಿಯಾ ಎಂಬ ಕಲ್ಪಿತ ದೇಶದ ದೊರೆ. ಗಾಯಗೊಂಡ ಮುಖವನ್ನು ಕಬ್ಬಿಣದ ಹಿಂದೆ ಮುಚ್ಚಿಕೊಂಡವನು. ಅವನ ಮುಖದಲ್ಲಿ ಹುಬ್ಬು ಗಂಟಿಕ್ಕಲು ಆಗುವುದಿಲ್ಲ, ಹಲ್ಲು ಕಡಿಯಲು ಆಗುವುದಿಲ್ಲ. ಸಿಟ್ಟು, ಹೆಮ್ಮೆ, ನೋವು ಎಲ್ಲವೂ ಕತ್ತು, ಭುಜ, ಅಂಗೈಗಳಲ್ಲೇ ಕಾಣಬೇಕು. ನಿಮ್ಮ ಮಗ ಮುಖವಾಡದ ಮೇಲೆ ಸಿಟ್ಟಿನ ಹುಬ್ಬು ಕೆತ್ತಿದ್ದಾನೆ, ಮೈ ಮಾತ್ರ ಹಳೆಯ ಹೀರೊನದ್ದೇ: ಎದೆ ಉಬ್ಬಿಸಿ, ಗಲ್ಲ ಎತ್ತಿ, ಎರಡೂ ಮುಷ್ಟಿ ಬಿಗಿದು ಹಾರಲು ತಯಾರಾದವನ ಮೈ. ಅದಕ್ಕೇ ಮುಖವಾಡ ಡಬ್ಬವಾಯಿತು.

ರಜೆ ಸಿಕ್ಕಾಗ ಅವನನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ. ಬೇಲೂರು ದಾಟಿದರೆ 16 ಕಿಲೋಮೀಟರ್. ಹೊಯ್ಸಳೇಶ್ವರನ ಹೊರಗೋಡೆಯಲ್ಲಿ ರಾವಣ ಕೈಲಾಸ ಎತ್ತುತ್ತಿರುವ ಶಿಲ್ಪ ಇದೆ. ಎಲ್ಲರೂ ಮೇಲಿರುವ ಶಿವಪಾರ್ವತಿಯರ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ಕೆಳಗೆ ನೋಡಿ. ಹತ್ತು ತಲೆಯವನ ಮುಖಗಳನ್ನು ಅಂಗೈಯಿಂದ ಮರೆಮಾಡಿ, ಮೈ ಒಂದನ್ನೇ ನೋಡಲು ಮಗನಿಗೆ ಹೇಳಿ. ಬೆಟ್ಟದ ಭಾರ ಭುಜಕ್ಕೆ ಇಳಿದಿರುವುದು, ಅಲ್ಲಿಂದ ಬಾಗಿದ ಮಂಡಿಗೆ ಹೋಗಿರುವುದು ಕಾಣುತ್ತದೆ. ಖಳ ಅಂತ ಆ ಶಿಲ್ಪಿ ಅವನಿಗೆ ಒಂದು ಉಳಿಯೇಟೂ ಕಡಿಮೆ ಕೊಟ್ಟಿಲ್ಲ. ಅವನ ಒಡವೆ, ಅವನ ಕಿರೀಟಗಳ ಸಾಲು, ಎಲ್ಲವೂ ಮೇಲಿನ ದೇವರಿಗೆ ಮಾಡಿದಷ್ಟೇ ನಿಷ್ಠೆಯ ಕೆಲಸ. ತೆಂಕುತಿಟ್ಟಿನ ಯಕ್ಷಗಾನ ಬಯಲಾಟ ನೋಡಿದ್ದರೆ ಬಣ್ಣದ ವೇಷ, ಅಂದರೆ ರಾಕ್ಷಸನ ವೇಷ ಗೊತ್ತಿರುತ್ತದೆ. ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಗಂಟೆಗಟ್ಟಲೆ ಕೂತು ಮುಖಕ್ಕೆ ಇಡುತ್ತಾರೆ, ಆಮೇಲೆ ತೆರೆಯ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ತೋರಿಸುತ್ತಾರೆ. ರಾಕ್ಷಸನಿಗೆ ಇಷ್ಟು ಗೌರವ ಕೊಡುವ ನಾಡಿನ ಹುಡುಗ ಡೂಮ್‌ನನ್ನು ಬೀದಿ ರೌಡಿಯ ಹಾಗೆ ನಿಲ್ಲಿಸಬಾರದು ಎನ್ನುವುದು ನನ್ನ ಆಸೆ. ಅವನು ದೊರೆ. ದೊರೆಯ ಹಾಗೆ ನಿಲ್ಲಲಿ.

ಮಾಡಬೇಕಾದದ್ದು ಇಷ್ಟು. ಬಿಸಿನೀರಿನಲ್ಲಿ ತಲೆ ಕಳಚಿ, ಗಲ್ಲದ ಅಡಿಯಲ್ಲಿ 1 ಮಿಲಿಮೀಟರ್ ಕೆತ್ತಿ ತೆಗೆಯಿರಿ, ಆಗ ತಲೆ ತುಸು ಮುಂದಕ್ಕೆ ಬಾಗುತ್ತದೆ. ತುಸು ಎಂದರೆ ತುಸುವೇ. ಜಾಸ್ತಿ ಬಾಗಿದರೆ ತಪ್ಪೊಪ್ಪಿಕೊಂಡವನಂತೆ ಕಾಣುತ್ತಾನೆ. ಭುಜ ನೆಟ್ಟಗಿರಲಿ. ಎಡಗೈ ಮುಷ್ಟಿ ಹಾಗೇ ಇರಲಿ, ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈ ಅರ್ಧ ತೆರೆದು ಅಪ್ಪಣೆ ಕೊಡುತ್ತಿರುವಂತೆ ಮಾಡಿ ತಕ್ಷಣ ತಣ್ಣೀರಿಗೆ ಹಾಕಿ. ಆ ಆಕಾರ ಹಾಗೇ ನಿಲ್ಲುತ್ತದೆ. ಮುಖವಾಡದ ಹುಬ್ಬು ಉಜ್ಜಿ ತೆಗೆಯಿರಿ. ಕಣ್ಣಿನ ಸೀಳು ಆಳವಾಗಿರಲಿ, ಒಳಗೆ ಕಡುಕಂದು ಬಣ್ಣ ಹಾಕಿ.

ಕಬ್ಬಿಣದ ಬಣ್ಣಕ್ಕೆ ಸಿಲ್ವರ್ ಬೇಕಾಗಿಯೇ ಇಲ್ಲ. ಕವಚಕ್ಕೆಲ್ಲ ಮ್ಯಾಟ್ ಕಪ್ಪು ಅಕ್ರಿಲಿಕ್ ಹಚ್ಚಿ ಒಣಗಿಸಿ. 6ಬಿ ಪೆನ್ಸಿಲಿನ ಸೀಸವನ್ನು ವಾಟರ್ ಪೇಪರಿನ ಮೇಲೆ ಉಜ್ಜಿ ಪುಡಿ ಮಾಡಿ, ಬೆರಳ ತುದಿಯಲ್ಲಿ ಅದ್ದಿ ಕವಚದ ಉಬ್ಬಿದ ಜಾಗಗಳಿಗೆ ತಿಕ್ಕಿ. ಕಪ್ಪು ಬಣ್ಣ ನೋಡನೋಡುತ್ತ ಕಬ್ಬಿಣವಾಗುತ್ತದೆ. ಹಳೆಯ ಕತ್ತಿಯ ಅಲಗಿನಲ್ಲಿ ಇರುತ್ತದಲ್ಲ, ಅಂಥ ಮಂಕು ಹೊಳಪು. ಸಂದಿಗಳಲ್ಲಿ ಕಪ್ಪು ಉಳಿದು ನೆರಳು ತಾನಾಗಿ ಬರುತ್ತದೆ. ಇದನ್ನು ಮೊದಲ ಸಲ ಮಾಡಿದ ದಿನ ನಾನು ರಾತ್ರಿ ಊಟಕ್ಕೂ ಏಳಲಿಲ್ಲ.

ಮೇಲಂಗಿಯ ಬಟ್ಟೆಗೂ ಮಗ್ಗಿ ಹೇಳಿ. ಕಾಲು ಮಿಲಿಮೀಟರ್ ದಪ್ಪದ ಸ್ಯಾಟಿನ್ ಅವನ ಮೈಮೇಲೆ 3 ಮಿಲಿಮೀಟರ್ ದಪ್ಪದ ಜಮಖಾನೆ. ಕೊಡೆಯಾಗದೆ ಇನ್ನೇನು ಮಾಡೀತು? ಒಗೆದು ಒಗೆದು ಜೇಡರಬಲೆಯಂತಾದ ಹಳೆಯ ಮಲ್ ಪಂಚೆ ಮನೆಯಲ್ಲಿದ್ದರೆ ಅದೇ ಬೇಕು. ಮೊದಲು ಪತ್ರಿಕೆಯ ಕಾಗದದಲ್ಲಿ ಅಳತೆ ಕತ್ತರಿಸಿ ಗೊಂಬೆಗೆ ಹೊದಿಸಿ ನೋಡಿ. ಹಸಿರು ಎಂಥದ್ದು ಎನ್ನುವುದೂ ಮುಖ್ಯ. ಹಳೆಯ ಅಮೆರಿಕನ್ ಕಾಮಿಕ್ಸ್‌ನಲ್ಲಿ ನಾಯಕರಿಗೆ ಕೆಂಪು, ನೀಲಿ, ಹಳದಿಯನ್ನೂ ಖಳರಿಗೆ ಹೆಚ್ಚಾಗಿ ಹಸಿರು, ನೇರಳೆಯನ್ನೂ ತೊಡಿಸುತ್ತಿದ್ದರು. ಪುಟದ ಮೇಲೆ ಇಬ್ಬರೂ ದೂರದಿಂದಲೇ ಬೇರೆಬೇರೆ ಕಾಣುತ್ತಿದ್ದರು. ಆದರೆ ಪುಟದ ಹಸಿರನ್ನೇ ಬಟ್ಟೆಗೆ ಹಾಕಿದರೆ ಆಟಿಕೆಯಂತಿರುತ್ತದೆ. ನಿಮ್ಮ ತೋಟದಲ್ಲಿ ಅರೇಬಿಕಾ ಗಿಡದ ತುದಿಯ ಚಿಗುರನ್ನೂ ಬುಡದ ಕಡೆಯ ಮಾಗಿದ ಎಲೆಯನ್ನೂ ಕಿತ್ತು ಪಕ್ಕಪಕ್ಕ ಇಡಿ. ಬೇಕಾದದ್ದು ಆ ಮಾಗಿದ ಎಲೆಯ ಬಣ್ಣ. ಬಟ್ಟೆಗೆ ಹಸಿರು ಬಣ್ಣ ಹಾಕಿ ಒಣಗಿಸಿದ ಮೇಲೆ ಎರಡನೇ ಡಿಕಾಕ್ಷನ್‌ನಲ್ಲಿ ಹತ್ತು ನಿಮಿಷ ಅದ್ದಿ, ಹಿಂಡದೆ ನೆರಳಲ್ಲಿ ಆರಿಸಿ. ಹಸಿರಿನ ಎಳಸುತನ ಹೋಗಿ, ಮಡಿಕೆಗಳಲ್ಲಿ ವರ್ಷಗಟ್ಟಲೆಯ ದೂಳು ಕೂತಂತಾಗುತ್ತದೆ.

ಅಂಚು ಹೊಲಿಯಬೇಡಿ, ಹೊಲಿಗೆಯ ದಪ್ಪವನ್ನೂ ಗುಣಿಸಬೇಕಾಗುತ್ತದೆ. ಫೆವಿಕಾಲ್ ನೀರು ಸವರಿ ಒಣಗಿದ ಮೇಲೆ ಕತ್ತರಿಸಿದರೆ ಎಳೆ ಬಿಡುವುದಿಲ್ಲ. ಮೋಟರ್ ಸುತ್ತುವವರ ಬಳಿ ಕೂದಲೆಳೆಯಂಥ ತಾಮ್ರದ ತಂತಿ ಸಿಗುತ್ತದೆ, ಕೆಳಗಿನ ಅಂಚಿನುದ್ದಕ್ಕೂ ಅದನ್ನು ಅಂಟಿಸಿದರೆ ಮೇಲಂಗಿ ಭಾರವಾಗಿ ಇಳಿಬೀಳುತ್ತದೆ, ಬೇಕಾದ ಕಡೆ ಬಾಗಿಸಲೂ ಬಹುದು. ಮುಸುಕು ಹಣೆಗಿಂತ 3 ಮಿಲಿಮೀಟರ್ ಮುಂದಕ್ಕೆ ಚಾಚಿರಲಿ. ಅದನ್ನು ತಲೆಗೆ ಅಂಟಿಸಬೇಡಿ, ಮೇಲಂಗಿಯನ್ನು ಭುಜಕ್ಕೆ ಹಿಡಿದಿಡುವ ಎರಡು ಚಿನ್ನದ ಬಣ್ಣದ ಬಿಲ್ಲೆಗಳ ಕೆಳಗೆ ಮಾತ್ರ ಅಂಟಿಸಿ. ಇಲ್ಲದಿದ್ದರೆ ಕಷ್ಟಪಟ್ಟು ಬಿಡಿಸಿದ ಕತ್ತು ಮತ್ತೆ ಬಿಗಿಯಾಗುತ್ತದೆ.

ಹಿಂದಕ್ಕೆ ಬೀಳುವುದು ಮೇಲಂಗಿ ಹಗುರಾದರೆ ಮುಕ್ಕಾಲು ನಿಲ್ಲುತ್ತದೆ, ಉಳಿದದ್ದಕ್ಕೆ ಪೀಠ ಬೇಕು. ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆ ನಿಮ್ಮಲ್ಲಿ ಇದ್ದೇ ಇರುತ್ತದೆ. ನೆರಳಲ್ಲಿ ಕೆಲವು ತಿಂಗಳು ಒಣಗಿದ್ದನ್ನೇ ಆರಿಸಿ, ಹಸಿಯದ್ದು ಸೀಳುಬಿಡುತ್ತದೆ. ಮೇಲ್ಭಾಗ ಮಟ್ಟಸ ಕೊಯ್ದು, ತಲೆ ಕತ್ತರಿಸಿದ ಮೊಳೆಯೊಂದನ್ನು ನೆಟ್ಟು, ಹಿಮ್ಮಡಿಯ ತೂತನ್ನು ಅದರ ಮೇಲೆ ಕೂರಿಸಿ. ಬೂಟಿನ ಅಡಿಗೆ ಎಂ-ಸೀಲ್ ಹಾಕುವಾಗ ಆ ತೂತು ಮುಚ್ಚಿಹೋಗದಂತೆ ಒಂದು ಕಡ್ಡಿ ಚುಚ್ಚಿಟ್ಟಿರಿ. ಬೊಡ್ಡೆಯ ತಿರುಚು ಬೇರುಗಳನ್ನು ಕತ್ತರಿಸಬೇಡಿ. ದೊರೆಯ ಕಾಲಡಿಗೆ ಅದಕ್ಕಿಂತ ಒಳ್ಳೆಯ ನೆಲ ನಾನು ಮಾಡಿಕೊಡಲಾರೆ.

ಇನ್ನೆರಡು ಸಣ್ಣ ಮಾತು. ಹೊಸ ವಿಧಾನವನ್ನು ನೇರ ಈ ಗೊಂಬೆಯ ಮೇಲೆ ಮೊದಲು ಮಾಡಬೇಡಿ, ಜಾತ್ರೆಯ ಅಗ್ಗದ ಗೊಂಬೆಯೊಂದರ ಮೇಲೆ ಕೈ ಪಳಗಿಸಿಕೊಳ್ಳಲಿ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆಗೆದಾಗ ನಾನೂ ಆಟಿಕೆ ಅಂಗಡಿಗಳಲ್ಲಿ ಅಂಥವನ್ನು ಹುಡುಕಿ ತಂದಿಟ್ಟುಕೊಳ್ಳುತ್ತೇನೆ. ಮತ್ತೆ, ಚೆನ್ನಾಗಿ ಬಂತು ಅಂತ ಅಚ್ಚು ತೆಗೆದು ನಕಲು ಮಾರುವ ಯೋಚನೆ ಬೇಡ. ಪಾತ್ರ ಮಾರ್ವೆಲ್‌ನವರದ್ದು, ಮನೆಗೆ ಒಂದು ಮಾಡಿಕೊಳ್ಳುವುದು ಬೇರೆ, ವ್ಯಾಪಾರ ಬೇರೆ.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಕೋಣೆಯ ದೀಪ ಆರಿಸಿ, ಪೀಠವನ್ನು ಮಗನ ಕಣ್ಣಿನ ಮಟ್ಟಕ್ಕಿಂತ ಗೇಣಷ್ಟು ಮೇಲೆ ಇಟ್ಟು, ಒಂದೇ ಒಂದು ಟಾರ್ಚನ್ನು ಮೇಲಿನಿಂದ ಹಿಡಿಯಿರಿ. ಅವನು ಕೂದಲೆಳೆಯಷ್ಟೇ ತಲೆ ಬಾಗಿಸುತ್ತ ಬರಲಿ. ಮುಸುಕಿನ ನೆರಳು ಇಳಿದು ಕಣ್ಣಿನ ಸೀಳುಗಳು ಪೂರ್ತಿ ಕತ್ತಲಾದ ಕಡೆ ಕೈ ನಿಲ್ಲಿಸಲಿ. ಆಗ ಇನ್ನೊಂದು ಫೋಟೊ ತೆಗೆದು ಕಳಿಸಿ.